ಪುಟಾಣಿಯ ತುಂಟಾಟ, ಅಮ್ಮನ ಪೀಕಲಾಟ

'ಎರಡು ನಿಮಿಷ ಒಂದು ಕಡೆ ಕೂರಲ್ಲ ಕಣ್ರೀ, ಕಾಲಲ್ಲಿ ಚಕ್ರ ಇದೆ ಇವನಿಗೆ!'

'ನಾನು ಬಾತ್‌ರೂಮಿಗೆ ಹೋದ್ರೂ ಹೊರಗಡೆ ನಿಂತು ಬಾಗಿಲು ಬಡೀತಾಳೆ.'

'ಬೈದ್ರೆ ಬಂದು ಕುತ್ತಿಗೆಗೆ ಜೋತುಬಿದ್ದು ಮುತ್ತು ಕೊಡ್ತಾನೆ. ಆಮೇಲೆ ಕೋಪ ಎಲ್ಲಿಂದ ಬರಬೇಕು ಹೇಳಿ?'

ಸ್ಕೂಲ್ ವ್ಯಾನ್ ಕಾಯುವಾಗ, ತರಕಾರಿ ಗಾಡಿಯ ಮುಂದೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಅಮ್ಮಂದಿರು ಸೇರಿದರೆ ಸಾಕು, ಕೇಳಿಬರುವ ಮಾತುಗಳಿವು. ಎರಡರಿಂದ ಐದು ವರ್ಷದೊಳಗಿನ ಚೂಟಿ ಮಗುವೊಂದು ಮನೆಯಲ್ಲಿದ್ದರೆ ಆ ಮನೆಗೆ ಬೇರೆ ಮನರಂಜನೆಯೇ ಬೇಡ. ಆದರೆ ಬೆಳಗ್ಗೆ ಆರಕ್ಕೆ ಶುರುವಾದ ಓಟ ರಾತ್ರಿ ಹತ್ತಾದರೂ ನಿಲ್ಲದಿದ್ದಾಗ ಅಮ್ಮ ಸೋತು ಸುಣ್ಣವಾಗಿರುತ್ತಾಳೆ. 'ನನ್ನ ಮಗು ಮಾತ್ರ ಹೀಗಾ? ಇವನಿಗೇನಾದ್ರೂ ತೊಂದರೆ ಇದೆಯಾ? ಅಥವಾ ನನಗೇ ಮಗು ಸಾಕೋಕೆ ಬರಲ್ವಾ?' ಎಂಬ ಪ್ರಶ್ನೆ ಒಳಗೊಳಗೇ ಕೊರೆಯುತ್ತಿರುತ್ತದೆ. ಹೊರಗೆ ಹೇಳಿಕೊಂಡರೆ 'ನಾವೆಲ್ಲಾ ಐದೈದು ಮಕ್ಕಳನ್ನು ಸಾಕಿಲ್ವಾ?' ಎಂಬ ಮಾತು ಹಿರಿಯರಿಂದ ಬರುವುದು ಗ್ಯಾರಂಟಿ.

ಮೊದಲು ಆ ಪ್ರಶ್ನೆಗೆ ಉತ್ತರ ನೋಡೋಣ.

ಕಾಲಲ್ಲಿ ಚಕ್ರ ಏಕೆ?

ಈ ವಯಸ್ಸಿನ ಮಗುವಿಗೆ ಓಡಾಟವೇ ಓದು. ಹತ್ತಿ ಇಳಿದು, ತೆಗೆದು ಸುರಿದು, ಎಳೆದು ಬೀಳಿಸಿಯೇ ಅದು ಪ್ರಪಂಚವನ್ನು ತಿಳಿದುಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿ ಪ್ರಕಾರ 1ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ, ಅಂದರೆ ಮೂರು ಗಂಟೆ ದೈಹಿಕ ಚಟುವಟಿಕೆ ಬೇಕು. 3 ಮತ್ತು 4 ವರ್ಷದವರಿಗೆ ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರುವಂಥ ಆಟ ಇರಬೇಕು. ಎರಡು ಬೆಡ್‌ರೂಮಿನ ಮನೆಯಲ್ಲಿ, ಸೋಫಾ ಟೀಪಾಯಿಗಳ ಮಧ್ಯೆ ಮೂರು ಗಂಟೆಯ ಓಟ ಎಲ್ಲಿ ನಡೆಯಬೇಕು? ಆ ಶಕ್ತಿ ಹೊರಗೆ ಹೋಗಲು ದಾರಿ ಸಿಗದಿದ್ದಾಗ ಸೋಫಾವೇ ಬೆಟ್ಟ, ದಿವಾನವೇ ಈಜುಕೊಳ!

ಇನ್ನೊಂದು ಮಾತು. ಮಕ್ಕಳೆಲ್ಲ ಒಂದೇ ಅಚ್ಚಿನವರಲ್ಲ. ಅಮೆರಿಕದ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಆರಂಭಿಸಿದರು. ಮಕ್ಕಳನ್ನು ಹಸುಗೂಸಿನಿಂದಲೇ ವರ್ಷಾನುಗಟ್ಟಲೆ ಗಮನಿಸಿದ ಅವರು, ಚುರುಕು, ಹಠ, ಹೊಂದಿಕೆ ಇವುಗಳಲ್ಲಿ ಹುಟ್ಟಿನಿಂದಲೇ ಮಗುವಿಂದ ಮಗುವಿಗೆ ವ್ಯತ್ಯಾಸ ಇರುತ್ತದೆ ಎಂದರು. ಮಗುವಿನ ಸ್ವಭಾವ ಹಾಗೂ ಮನೆಯವರ ರೀತಿ ಎರಡೂ ಹೊಂದಿಕೊಂಡರೆ ಮಗು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅವರು ಕಂಡುಕೊಂಡದ್ದು. ಹಾಗಾಗಿ ಪಕ್ಕದ ಮನೆಯ ಪಾಪು ಮೂಲೆಯಲ್ಲಿ ಕೂತು ಬಣ್ಣ ಹಚ್ಚುತ್ತೆ, ನಮ್ಮದು ಗೋಡೆ ಹತ್ತುತ್ತೆ ಎಂದು ಹೋಲಿಸಿ ನೊಂದುಕೊಳ್ಳಬೇಡಿ. ನಿಮ್ಮ ಸಾಕಣೆಯಲ್ಲಿ ಕೊರತೆ ಇದೆ ಅಂತ ಇದರರ್ಥ ಅಲ್ಲ.

'ಸಕ್ಕರೆ ಜಾಸ್ತಿ ತಿಂದಿದ್ದಾನೆ, ಅದಕ್ಕೇ ಕುಣೀತಾನೆ' ಅನ್ನೋದೂ ಸರಿಯಲ್ಲ. ಸಕ್ಕರೆಯಿಂದ ಮಕ್ಕಳ ಚೇಷ್ಟೆ ಹೆಚ್ಚುವುದಿಲ್ಲ ಎಂದು 1995ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವೈದ್ಯರು ಹೇಳಿದ್ದಾರೆ. ಹುಳುಕು ಹಲ್ಲಿನ ಭಯಕ್ಕೆ ಚಾಕಲೇಟ್ ಕಡಿಮೆ ಮಾಡಿ, ತುಂಟತನದ ಭಯಕ್ಕಲ್ಲ.

ಬೈದರೂ ಬಂದು ತಬ್ಬೋದು ಯಾಕೆ?

'ಎಷ್ಟು ಬೈದ್ರೂ ನಾಚಿಕೆ ಇಲ್ಲ, ಮತ್ತೆ ಬಂದು ಮಡಿಲಲ್ಲಿ ಕೂರುತ್ತೆ' ಎನ್ನುತ್ತೇವೆ. ಅದು ನಾಚಿಕೆಯ ಪ್ರಶ್ನೆಯೇ ಅಲ್ಲ. 'ಅಮ್ಮನಿಗೆ ಈಗಲೂ ನಾನು ಇಷ್ಟಾನಾ?' ಎಂದು ಮಗು ಖಾತ್ರಿ ಮಾಡಿಕೊಳ್ಳುವ ರೀತಿ ಅದು. ಬಾಯಲ್ಲಿ ಕೇಳಲು ಬಾರದ ಪ್ರಶ್ನೆಯನ್ನು ಕೈಯಲ್ಲಿ ಕೇಳುತ್ತದೆ. ಆಗ ದೂರ ತಳ್ಳಿದರೆ ಅಂಟಿಕೊಳ್ಳುವುದು ಇನ್ನೂ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗಲ್ಲ. ತಬ್ಬಿಕೊಂಡೇ, 'ಹಾಲು ಚೆಲ್ಲಿದ್ದು ತಪ್ಪು. ಆದ್ರೆ ನೀನು ಅಂದ್ರೆ ನಂಗಿಷ್ಟ. ಬಾ, ಇಬ್ರೂ ಸೇರಿ ಒರೆಸೋಣ' ಅನ್ನಿ. ತಪ್ಪು ಬೇರೆ, ತಾನು ಬೇರೆ ಎಂಬುದು ಮಗುವಿಗೆ ಅರ್ಥವಾಗೋದು ಹೀಗೆ.

ಸೆರಗು ಹಿಡಿದು ಸುತ್ತುವುದೂ ಬೆಳವಣಿಗೆಯ ಒಂದು ಹಂತ. ಅಮ್ಮ ಕಣ್ಮರೆಯಾದರೆ ಅಳುವ ಅಭ್ಯಾಸ ಎಂಟು ತಿಂಗಳ ಆಸುಪಾಸಿನಲ್ಲಿ ಶುರುವಾಗಿ, ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಕಡಿಮೆಯಾಗುತ್ತಾ ಬರುತ್ತದೆ. ಹೊರಗೆ ಹೋಗುವಾಗ ಕಣ್ಣುತಪ್ಪಿಸಿ ಹಿಂಬಾಗಿಲಿಂದ ಜಾರಿಕೊಳ್ಳಬೇಡಿ. 'ನಾನು ಬ್ಯಾಂಕಿಗೆ ಹೋಗ್ತೀನಿ, ನೀನು ಊಟ ಮಾಡೋ ಹೊತ್ತಿಗೆ ಬರ್ತೀನಿ' ಅಂತ ಹೇಳಿಯೇ ಹೊರಡಿ. ಒಂದು ಕ್ಷಣ ಅಳಬಹುದು. ಆದರೆ ಹೇಳಿದ ಹೊತ್ತಿಗೆ ನೀವು ಬಂದರೆ ಅಮ್ಮನ ಮಾತಿನ ಮೇಲೆ ನಂಬಿಕೆ ಹುಟ್ಟುತ್ತದೆ. ಹೇಳದೆ ಹೋದರೆ, ನೀವು ಚಪ್ಪಲಿ ಮುಟ್ಟಿದಾಗಲೆಲ್ಲಾ ಅದಕ್ಕೆ ದಿಗಿಲು.

ಅಡುಗೆ ಹೊತ್ತಿನ ರಗಳೆ

ಕುಕ್ಕರ್ ಇಡಬೇಕು, ಒಗ್ಗರಣೆ ಹಾಕಬೇಕು ಅನ್ನುವಾಗಲೇ 'ಅಮ್ಮಾ, ಎತ್ಕೋ'! ಬಹುತೇಕ ಮನೆಗಳಲ್ಲಿ ಮಗುವಿನ ಕೈಗೆ ಮೊಬೈಲ್ ಸೇರೋದು ಇದೇ ಹೊತ್ತಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಎರಡು ವರ್ಷದೊಳಗಿನ ಮಗುವಿಗೆ ಟಿ.ವಿ., ಮೊಬೈಲ್ ಬೇಡ. 2ರಿಂದ 4 ವರ್ಷದವರಿಗೂ ಇಡೀ ದಿನಕ್ಕೆ ಒಂದು ಗಂಟೆ ಮೀರಬಾರದು. ಹಾಗಾದರೆ ಅಡುಗೆ ಮಾಡೋದು ಹೇಗೆ?

* ಒಲೆ ಹಚ್ಚುವ ಮುಂಚೆ ಹತ್ತು ನಿಮಿಷ ನೆಲದ ಮೇಲೆ ಕೂತು ಮಗುವಿನ ಜೊತೆಯೇ ಆಡಿ. ಫೋನ್ ಬೇಡ, ಸೀರಿಯಲ್ ಬೇಡ. ಅಮ್ಮ ಪೂರ್ತಿಯಾಗಿ ಸಿಕ್ಕಿದ ಮೇಲೆ ಅರ್ಧ ಗಂಟೆ ಬಿಟ್ಟಿರೋದು ಅದಕ್ಕೂ ಸುಲಭ.

* ಕೈಗೆ ಕೆಲಸ ಕೊಡಿ. ಕೊತ್ತಂಬರಿ ಸೊಪ್ಪು ಬಿಡಿಸೋದು, ಈರುಳ್ಳಿ ಬುಟ್ಟಿಯಿಂದ ಆಲೂಗಡ್ಡೆ ಬೇರೆ ಮಾಡೋದು, ಸಣ್ಣ ಉಂಡೆ ಚಪಾತಿ ಹಿಟ್ಟು ನಾದೋದು, ಊಟಕ್ಕೆ ತಟ್ಟೆ ಎಣಿಸಿ ಇಡೋದು. ಕೆಲಸ ನಿಧಾನ ಆಗುತ್ತೆ, ಒಂದಷ್ಟು ಚೆಲ್ಲುತ್ತೆ, ನಿಜ. ಆದರೆ 'ಅಮ್ಮನಿಗೆ ನಾನು ಹೆಲ್ಪ್ ಮಾಡ್ದೆ' ಅಂತ ಅಪ್ಪನ ಮುಂದೆ ಎದೆಯುಬ್ಬಿಸುವಾಗ ನೋಡಿ!

* ಅವರೆಕಾಯಿ, ಬಟಾಣಿ ಬಿಡಿಸೋ ಕೆಲಸ ಮಾತ್ರ ಪುಟ್ಟ ಮಕ್ಕಳಿಗೆ ಬೇಡ. ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಂಡು ಡಾಕ್ಟರ ಬಳಿ ಓಡಬೇಕಾಗುತ್ತದೆ. ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

* ಕೆಳಗಿನ ಒಂದು ಕಪಾಟು ಮಗುವಿನದೇ ಆಗಿರಲಿ. ಸ್ಟೀಲ್ ಲೋಟ, ಪ್ಲಾಸ್ಟಿಕ್ ಡಬ್ಬ, ಮರದ ಸೌಟು ಸಾಕು. ಸಾವಿರ ರೂಪಾಯಿ ಆಟಿಕೆಗಿಂತ ಇವುಗಳ ಮೇಲೆ ಪ್ರೀತಿ ಜಾಸ್ತಿ.

* ಸಂಜೆ ಒಂದು ಗಂಟೆ ಹೊರಗಡೆ ಕಡ್ಡಾಯ. ಪಾರ್ಕ್ ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಅಂಗಳವಾದರೂ ಸರಿ. ಮಳೆಗಾಲದಲ್ಲಿ ಮನೆಯೊಳಗೇ ಕಣ್ಣಾಮುಚ್ಚಾಲೆ, ಕುಂಟೆಬಿಲ್ಲೆ ನಡೆಯಲಿ. ಚೆನ್ನಾಗಿ ಆಡಿದ ಮಗು ಚೆನ್ನಾಗಿ ಉಣ್ಣುತ್ತದೆ, ಬೇಗ ಮಲಗುತ್ತದೆ. 3-4 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಮಂಕಾಗುವ ಬದಲು ಇನ್ನಷ್ಟು ಕುಣಿಯುತ್ತದೆ ಎಂಬುದು ನೆನಪಿರಲಿ.

'ಬೇಡ' ಬಿಟ್ಟು ಬೇರೆ ಹೇಳಿ

ಒಂದು ದಿನ ಲೆಕ್ಕ ಹಾಕಿ ನೋಡಿ, 'ಮುಟ್ಬೇಡ', 'ಓಡ್ಬೇಡ', 'ಕಿರುಚ್ಬೇಡ' ಅಂತ ಎಷ್ಟು ಸಲ ಹೇಳ್ತೀವಿ ಅಂತ. ಕೇಳಿ ಕೇಳಿ ಆ ಮಾತೇ ಮಗುವಿನ ಕಿವಿಗೆ ಬೀಳುವುದಿಲ್ಲ. 'ಓಡ್ಬೇಡ' ಅನ್ನುವ ಬದಲು 'ನನ್ನ ಕೈ ಹಿಡ್ಕೊಂಡು ನಡಿ' ಅನ್ನಿ. 'ಕಿರುಚ್ಬೇಡ' ಬದಲು 'ಗುಟ್ಟಾಗಿ ನನ್ನ ಕಿವೀಲಿ ಹೇಳು' ಅನ್ನಿ. ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬೇಕು ಅನ್ನುವುದು ಅದಕ್ಕೆ ಬೇಗ ತಿಳಿಯುತ್ತದೆ. 'ಬೇಡ' ಎಂಬ ಮಾತನ್ನು ಬೆಂಕಿ, ರಸ್ತೆ, ಕರೆಂಟಿಗೆ ಮೀಸಲಿಡಿ. ಆಗ ಅದಕ್ಕೆ ಬೆಲೆ ಇರುತ್ತದೆ.

ಪಾರ್ಕಿನಿಂದ ದರದರ ಎಳೆದು ತರುವ ಮುಂಚೆ 'ಇನ್ನು ಐದು ಸಲ ಜಾರುಬಂಡೆ, ಆಮೇಲೆ ಮನೆಗೆ' ಅಂತ ಹೇಳಿಬಿಡಿ. 'ಅಂಗಿ ಹಾಕ್ಕೋ' ಅಂತ ಜಗಳ ಆಡುವ ಬದಲು 'ಕೆಂಪು ಅಂಗಿನಾ, ನೀಲಿದಾ?' ಅಂತ ಕೇಳಿ. ಆಯ್ಕೆ ತನ್ನದು ಎಂಬ ಖುಷಿಯಲ್ಲಿ ಹಠ ಮರೆತೇ ಹೋಗುತ್ತದೆ. ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದರೆ ನೋಡುವವರ ಮುಖ ನೋಡಬೇಡಿ. ಎತ್ತಿಕೊಂಡು ಪಕ್ಕಕ್ಕೆ ಬನ್ನಿ, ಅಳು ನಿಲ್ಲುವವರೆಗೆ ಸುಮ್ಮನೆ ಜೊತೆಗಿರಿ. ಅತ್ತಿದ್ದಕ್ಕೆ ಚಾಕಲೇಟ್ ಕೊಡಿಸಿದಿರೋ, ಮುಂದಿನ ಸಲ ಅಳು ಅಂಗಡಿ ಬಾಗಿಲಲ್ಲೇ ಶುರು!

ಒಂದೇಟು ಹಾಕಿದ್ರೆ ತಪ್ಪಾ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಹೊಡೆತಕ್ಕೆ ಸಮರ್ಥನೆಯಾಗಿ ಹೇಳುವವರಿದ್ದಾರೆ. ಬಗ್ಗಿಸೋದು ಬೇರೆ, ಮುರಿಯೋದು ಬೇರೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಟೀಚರ್ ಹೊಡೆದರೆ ಜಗಳಕ್ಕೆ ಹೋಗುವ ನಾವು ಮನೆಯಲ್ಲಿ ಹೊಡೆದರೆ ಅದು ಪ್ರೀತಿ ಹೇಗಾಗುತ್ತೆ? ಏಟು ತಿಂದ ಮಗು ಕಲಿಯುವ ಪಾಠ ಒಂದೇ, 'ದೊಡ್ಡವರು ಚಿಕ್ಕವರಿಗೆ ಹೊಡೀಬಹುದು' ಅಂತ. ನಾಳೆ ಅದೇ ಏಟು ತಂಗಿಯ ಬೆನ್ನಿಗೆ ಬೀಳುತ್ತದೆ. ಕೈ ಎತ್ತುವಷ್ಟು ಕೋಪ ಬಂದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ, ನೀವು ಎರಡು ನಿಮಿಷ ಪಕ್ಕದ ಕೋಣೆಗೆ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.

ಎಲ್ಲರಿಗೂ ಮುತ್ತು ಕೊಡಬೇಕಾ?

ಪ್ರೀತಿ ಸುರಿಸುವ ಮಗು ಎಂದರೆ ಬಂದವರಿಗೆಲ್ಲ ಮುದ್ದು. 'ಅಂಕಲ್‌ಗೆ ಒಂದು ಪಪ್ಪಿ ಕೊಡು' ಎಂದು ನಾವೂ ಒತ್ತಾಯಿಸುತ್ತೇವೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ನಮಸ್ಕಾರವೋ ಟಾಟಾವೋ ಸಾಕು, ಸ್ವಂತ ಮಾವನೇ ಆಗಿರಲಿ. 'ಬಟ್ಟೆ ಮುಚ್ಚಿರೋ ಜಾಗ ಯಾರೂ ಮುಟ್ಟಬಾರದು. ಸ್ನಾನ ಮಾಡಿಸುವಾಗ ಅಮ್ಮ, ಅಮ್ಮ ಜೊತೇಲಿದ್ದಾಗ ಡಾಕ್ಟರ್ ಮಾತ್ರ. ಬೇರೆ ಯಾರಾದ್ರೂ ಮುಟ್ಟಿ, ಅಮ್ಮನಿಗೆ ಹೇಳಬೇಡ ಅಂದ್ರೆ ನಂಗೇ ಮೊದಲು ಬಂದು ಹೇಳು' ಎಂದು ಮೂರು ವರ್ಷದಿಂದಲೇ ಸ್ನಾನದ ಹೊತ್ತಿನಲ್ಲಿ ಸಹಜವಾಗಿ ಹೇಳಿಕೊಡಿ. ಹೆದರಿಸುವ ದನಿ ಬೇಡ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಗೆ 2012ರ ಪೋಕ್ಸೊ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಮಗು ಬಂದು ಹೇಳಿದಾಗ ನಂಬುವ ಅಮ್ಮ ಇರೋದು ಎಲ್ಲಕ್ಕಿಂತ ಮುಖ್ಯ.

ಕಣ್ಣು ತಪ್ಪಿದ ಕ್ಷಣದಲ್ಲಿ

ಚುರುಕು ಮಗುವಿನ ಮನೆಯಲ್ಲಿ ಇವಿಷ್ಟನ್ನು ಇವತ್ತೇ ನೋಡಿಬಿಡಿ:

* ಬಾತ್‌ರೂಮಿನಲ್ಲಿ ನೀರು ತುಂಬಿದ ಬಕೆಟ್, ಟಬ್ ಬೇಡ. ಕೆಲವೇ ಅಂಗುಲ ನೀರಿದ್ದರೂ ಸಾಕು, ತಲೆಕೆಳಗಾಗಿ ಬಿದ್ದ ಮಗು ಮುಳುಗುತ್ತದೆ.

* ಬಾಲ್ಕನಿ ಕಟಕಟೆ, ಕಿಟಕಿ ಹತ್ತಿರ ಕುರ್ಚಿ, ಸ್ಟೂಲ್, ಹೂಕುಂಡ ಇಡಬೇಡಿ.

* ಬಿಸಿ ಸಾರು, ಕಾಫಿ ಟೇಬಲ್ ಅಂಚಿನಲ್ಲಿ ಬೇಡ. ಮಗುವಿಗೆ ಎಟಕುವಂತೆ ಟೇಬಲ್ ಬಟ್ಟೆ ಇಳಿಬಿಡಬೇಡಿ. ಸುಟ್ಟರೆ ತಕ್ಷಣ 20 ನಿಮಿಷ ನಲ್ಲಿಯ ತಣ್ಣೀರು ಹರಿಯಬಿಟ್ಟು ಡಾಕ್ಟರಿಗೆ ತೋರಿಸಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಹಚ್ಚಬೇಡಿ. ಐಸ್ ಕೂಡ ಬೇಡ.

* ರಿಮೋಟ್, ಆಟಿಕೆಗಳ ಗುಂಡಿಯಂಥ ಬ್ಯಾಟರಿ ಬಗ್ಗೆ ಹುಷಾರು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

* ಫಿನಾಯಿಲ್, ಆಸಿಡ್ ಅನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ. ಸೊಳ್ಳೆ ಔಷಧಿ, ಅಜ್ಜ-ಅಜ್ಜಿಯ ಮಾತ್ರೆ ಎತ್ತರದ ಕಪಾಟಿಗೆ ಹೋಗಲಿ.

ಯಾವಾಗ ಡಾಕ್ಟರ ಬಳಿ?

ಚಟುವಟಿಕೆ ಇದೆ ಎಂದ ಮಾತ್ರಕ್ಕೆ ಕಾಯಿಲೆ ಅಲ್ಲ. ಇಷ್ಟದ ಆಟದಲ್ಲಿ ಸ್ವಲ್ಪ ಹೊತ್ತು ಮುಳುಗುತ್ತದೆ, ಕಥೆ ಕೇಳುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ನಗುತ್ತದೆ ಎಂದಾದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 'ಎ.ಡಿ.ಎಚ್.ಡಿ.' ಎಂಬ ಅತಿಚಟುವಟಿಕೆಯ ಸಮಸ್ಯೆಯಲ್ಲಿ ವಯಸ್ಸಿಗೆ ಮೀರಿದ ಚಂಚಲತೆ ಆರು ತಿಂಗಳಿಗೂ ಹೆಚ್ಚು ಕಾಲ ಇರುತ್ತದೆ. ಮನೆ, ಶಾಲೆ ಎರಡೂ ಕಡೆ ಕಾಣುತ್ತದೆ. ನಾಲ್ಕು ವರ್ಷಕ್ಕೆ ಮುಂಚೆ ಅದನ್ನು ಖಚಿತವಾಗಿ ಹೇಳುವುದು ಕಷ್ಟ.

ಆದರೆ ಹೆಸರು ಕರೆದರೆ ತಿರುಗುತ್ತಿಲ್ಲ, ಎರಡು ವರ್ಷವಾದರೂ ಎರಡು ಪದ ಕೂಡಿಸುತ್ತಿಲ್ಲ, ಕಲಿತ ಮಾತು ಮರೆಯುತ್ತಿದೆ ಎಂದಾದರೆ 'ದೊಡ್ಡವನಾದ್ರೆ ಸರಿಹೋಗ್ತಾನೆ' ಅಂತ ಕಾಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮಾತು ಹಾಗೂ ಕಿವಿಯ ತೊಂದರೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಅಮ್ಮನಿಗೂ ಬೇಕು ವಿರಾಮ

ಕೊನೆಯದಾಗಿ ನಿಮ್ಮ ವಿಷಯ. ಮಗುವಿನ ಹಿಂದೆ ಓಡಿ ಅದು ಬಿಟ್ಟ ತಣ್ಣನೆ ಅನ್ನ ತಿಂದು ಊಟ ಮುಗಿಸುವ ಅಮ್ಮಂದಿರೇ ಹೆಚ್ಚು. ಸುಸ್ತಾದವಳಿಗೆ ಸಹನೆ ಎಲ್ಲಿಂದ ಬರಬೇಕು? ಯಜಮಾನರು ಆಫೀಸಿನಿಂದ ಬಂದ ಮೇಲೆ ಮಗುವಿನ ಒಂದು ಕೆಲಸ ಪೂರ್ತಿ ಅವರದೇ ಆಗಿರಲಿ. ಸ್ನಾನವೋ, ಕಥೆ ಹೇಳಿ ಮಲಗಿಸುವುದೋ, ಯಾವುದಾದರೂ ಸರಿ. 'ಸ್ವಲ್ಪ ನೋಡ್ಕೊಳ್ರೀ' ಅಂತ ಗೊಣಗುವ ಬದಲು 'ಎಂಟರಿಂದ ಒಂಬತ್ತು ನಿಮ್ಮ ಡ್ಯೂಟಿ' ಅಂತ ನೇರವಾಗಿ ಹೇಳಿ. ಅವರು ಜಡೆ ಓರೆ ಹಾಕಿದರೆ ತಿದ್ದಲು ಹೋಗಬೇಡಿ. ಅತ್ತೆ ಜೊತೆಗಿದ್ದರೆ 'ಅತ್ತೆ, ನೀವು ಕಥೆ ಹೇಳಿದ್ರೆ ಕೂತ್ಕೊಂಡು ಕೇಳ್ತಾನೆ' ಅನ್ನಿ. ಅವರಿಗೂ ಖುಷಿ, ನಿಮಗೂ ಅರ್ಧ ಗಂಟೆ ಬಿಡುವು.

ಸುಮ್ಮಸುಮ್ಮನೆ ಅಳು ಬರುತ್ತಿದೆ, ಮಗು ಮಲಗಿದರೂ ನಿಮಗೆ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವುದು ಎರಡು ವಾರ ಮೀರಿದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಗೋಡೆಗೆ ಬಣ್ಣ ಮತ್ತೆ ಹೊಡೆಸಬಹುದು, ಒಡೆದ ಲೋಟಕ್ಕೆ ಇನ್ನೊಂದು ತರಬಹುದು. ಇನ್ನು ಮೂರ್ನಾಲ್ಕು ವರ್ಷ ಕಳೆಯಲಿ, ಇದೇ ಮಗು ಬ್ಯಾಗ್ ಏರಿಸಿಕೊಂಡು ಹಿಂತಿರುಗಿಯೂ ನೋಡದೆ ಸ್ಕೂಲಿಗೆ ಓಡುತ್ತದೆ. ಆಗ 'ಅಮ್ಮಾ, ಎತ್ಕೋ' ಅನ್ನುವ ದನಿಗೆ ನೀವೇ ಹಂಬಲಿಸುತ್ತೀರಿ. ಇವತ್ತು ಕರೆದರೆ ಎರಡು ನಿಮಿಷ ಎತ್ತಿಕೊಂಡುಬಿಡಿ. ಸಾರಿನ ಒಗ್ಗರಣೆ ಸ್ವಲ್ಪ ತಡವಾದರೇನಂತೆ!