ನೋಟಕ್ಕೂ ನಿರ್ಣಯಕ್ಕೂ ನಡುವಣ ಮೆಟ್ಟಿಲು

ಕಾಕನಕೋಟೆಯ ಕಾಡಂಚಿನ ಹೊಲದಲ್ಲಿ ಮುಸ್ಸಂಜೆ ಹೊತ್ತು ಕಪ್ಪು ಆಕಾರವೊಂದು ಕಾಣುತ್ತದೆ. ಅದು ಬಂಡೆಯೋ, ಆನೆಯೋ? ಬಂಡೆಯೆಂದು ಮುನ್ನಡೆದರೆ ಪ್ರಾಣಕ್ಕೇ ಅಪಾಯ. ಆನೆಯೆಂದು ಓಡಿದರೆ ಬೆಳೆಗೆ ಕಾವಲಿಲ್ಲ. ಕಾಡು ಬಲ್ಲವನು ನಿಲ್ಲುತ್ತಾನೆ. ಕಿವಿ ಅಲುಗುತ್ತಿದೆಯೇ, ಕೊಂಬೆ ಮುರಿಯುವ ಸದ್ದಿದೆಯೇ ಎಂದು ಗಮನಿಸಿ, ಬಳಿಕ ಹೆಜ್ಜೆಯಿಡುತ್ತಾನೆ.

ಈ ನಿಲ್ಲುವಿಕೆಗೆ ಜೈನ ದರ್ಶನದಲ್ಲಿ ಹೆಸರಿದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಇಂದ್ರಿಯ ಹಾಗೂ ಮನಸ್ಸಿನಿಂದ ಉಂಟಾಗುವ ಮತಿಜ್ಞಾನದಲ್ಲಿ 4 ಹಂತಗಳನ್ನು ಗುರುತಿಸುತ್ತದೆ. ವಸ್ತುವಿನ ಮೊದಲ ಅರಿವು ಅವಗ್ರಹ. ಅದರ ವಿಶೇಷವನ್ನು ತಿಳಿಯುವ ಆಕಾಂಕ್ಷೆ ಈಹಾ. ಲಕ್ಷಣ ಕಂಡು ನಿಶ್ಚಯಿಸುವುದು ಅವಾಯ. ನಿಶ್ಚಯಿಸಿದ್ದನ್ನು ಮರೆಯದಿರುವುದು ಧಾರಣಾ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸರಳ ನಿದರ್ಶನ ಕೊಡುತ್ತಾರೆ. ದೂರದಲ್ಲಿ ಬಿಳಿಯದೇನೋ ಕಾಣುತ್ತದೆ. ಬೆಳ್ಳಕ್ಕಿಯೋ, ಪತಾಕೆಯೋ ಎಂಬ ವಿಚಾರ ಏಳುತ್ತದೆ. ಅದು ರೆಕ್ಕೆ ಬಡಿದು ಮೇಲೇರಿ ಕೆಳಗಿಳಿದಾಗ ಬೆಳ್ಳಕ್ಕಿಯೆಂದು ನಿಶ್ಚಯವಾಗುತ್ತದೆ.

ನಮ್ಮ ತಪ್ಪು ನಿರ್ಧಾರಗಳಲ್ಲಿ ಬಹುಪಾಲು ಈಹೆಯನ್ನು ದಾಟಿ ಹಾರಿದವು. ಹಾರಿಸುವವು ಕಷಾಯಗಳು. ಕ್ರೋಧವು ಕಾಯಗೊಡದು, ಮಾನವು ಇನ್ನೊಬ್ಬರನ್ನು ಕೇಳಗೊಡದು, ಮಾಯೆಯು ನಮ್ಮಿಂದಲೇ ಸತ್ಯವನ್ನು ಮರೆಮಾಚುತ್ತದೆ, ಲೋಭವು ಬೇಕಾದುದನ್ನಷ್ಟೇ ತೋರಿಸುತ್ತದೆ.

ವಿಚಾರಿಸುವಾಗ ಒಂದೇ ನಯ ಸಾಲದು. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಗಿತ್ತು. ಆನೆ ಹಿಂಡನ್ನು ಅಟ್ಟಿ ತಂದು ಸೆರೆಹಿಡಿಯುವ ಆ ಕಾರ್ಯಾಚರಣೆ ಕೊನೆಯ ಬಾರಿ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಗದ್ದೆಗಳಿಗೆ ನೀರು ಹರಿಯಿತು. ಕಾಡೂ ಹಳ್ಳಿಗಳೂ ಮುಳುಗಿದವು. ಅರಮನೆಗೆ ಆನೆ ದಸರೆಯ ವೈಭವ, ರೈತನಿಗೆ ಬೆಳೆಯ ಭಯ, ಹಾಡಿಯ ಜೇನುಕುರುಬರಿಗೆ ನೆರೆಯ ಜೀವಿ. ಪ್ರತಿಯೊಂದೂ ಅಂಶತಃ ನಿಜ. ಅಂಶವನ್ನೇ ಪೂರ್ಣವೆಂದು ಹಟ ಹಿಡಿದರೆ ಅದು ದುರ್ನಯ.

ಅನೇಕಾಂತವೆಂದರೆ ನಿರ್ಧರಿಸದೆ ತೂಗಾಡುವುದಲ್ಲ. ಈಹೆಯ ನಂತರ ಅವಾಯ ಬರಲೇಬೇಕು. ಆಸ್ತಿ ಪಾಲಾಗಲಿ, ಮಗಳ ಸಂಬಂಧವಾಗಲಿ, ಸಾಲದ ಮಾತಾಗಲಿ, ಮೊದಲು ಒಂದು ಮುಹೂರ್ತ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಕೂಡಿರಿ. ಮನ ತಿಳಿಯಾದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಇದರ ನೋವು ಯಾರಿಗೆ, ಅವರ ಮಾತು ಕೇಳಿದೆನೇ? ಈಗ ಮಾತಾಡುತ್ತಿರುವುದು ವಿವೇಕವೋ, ಕಷಾಯವೋ? ಉತ್ತರ ದೊರೆತೊಡನೆ ನಿರ್ಧರಿಸಿ. ನಿರ್ಧರಿಸಿದ ಕಾರಣವನ್ನು ನೆನಪಿನಲ್ಲಿಡಿ. ಮುಂದಿನ ಸಲ ದಾರಿ ತೋರುವುದು ಆ ಧಾರಣೆಯೇ.