ಕಸಬಿನ ಶಿಕ್ಷಣವೂ ನಾಡಿನ ಮಾತೂ: ಉಳ್ಳಾರ್ತಿ ಕಾವಲನ್ನು ಕುರಿತು ಒಂದು ವಿಚಾರ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು ಮೈಸೂರು ಅರಸರ ಅಮೃತಮಹಲ್ ದನಗಳಿಗಾಗಿ ಮೀಸಲಾದ ಹುಲ್ಲುಗಾವಲುಗಳಲ್ಲಿ ಒಂದು. ಸುತ್ತಣ ಹಳ್ಳಿಗಳ ಕುರಿದನಗಳಿಗೂ ಇಂಥ ಕಾವಲುಗಳೇ ಮೇವಿನ ನೆಲೆಯಾಗಿದ್ದುವು. 2010ರ ಸುಮಾರಿಗೆ ಇದರಲ್ಲಿಯೂ ನೆರೆಯ ಕುದಾಪುರ, ವರವು ಕಾವಲುಗಳಲ್ಲಿಯೂ ಸಾವಿರಾರು ಎಕರೆ ಭೂಮಿಯು ಅಣುಶಕ್ತಿ, ಬಾಹ್ಯಾಕಾಶ, ರಕ್ಷಣಾ ಸಂಶೋಧನೆಗಳ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ದತ್ತವಾಯಿತು. ಮೇವಿನ ನೆಲ ಕಡಿಮೆಯಾದ ಮೇಲೆ ಕುರಿಗಾಹಿಯ ಮಕ್ಕಳು ಯಾವ ಕಸಬನ್ನು, ಯಾರಿಂದ, ಯಾವ ಮಾತಿನಲ್ಲಿ ಕಲಿಯಬೇಕು? ಹೊರದೇಶಗಳ ನೆರವಿನಿಂದ ತರುಣರಿಗೆ ಕಸಬು ಕಲಿಸುವ ಪ್ರಯತ್ನಗಳು ನಮ್ಮ ನಾಡಿನಲ್ಲಿ ಹಿಂದೆ ನಡೆದಿರುವುದರಿಂದ, ಅವುಗಳ ಪರಿಶೀಲನೆಯು ಈ ಪ್ರಶ್ನೆಗೆ ಸಹಾಯಕವಾದೀತು.

ಅಂಥ ಪ್ರಯತ್ನಗಳು ಎರಡು ಬಗೆ. ಮೊದಲನೆಯದು ಕಾರ್ಯಾಗಾರದ ಶಿಕ್ಷಣ. ಜರ್ಮನಿಯ ಸಹಕಾರದಿಂದ 1971ರಲ್ಲಿ ಬೆಂಗಳೂರಿನಲ್ಲಿ ಮೇಸ್ತ್ರಿಗಳ ಶಿಕ್ಷಣಕ್ಕೊಂದು ಸಂಸ್ಥೆಯೂ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಸ್ಥಾಪಿತವಾದುವು. ಎರಡನೆಯದರಲ್ಲಿ ವಿದ್ಯಾರ್ಥಿಯು ಅಚ್ಚುಗಳನ್ನೂ ಉಪಕರಣಗಳನ್ನೂ ಯಂತ್ರದ ಮುಂದೆಯೇ ನಿಂತು ಮಾಡಿ ಕಲಿಯುವನು. ವಿದೇಶದ ನೆರವು ಮುಗಿದ ಮೇಲೂ ಕೇಂದ್ರವು ಉಳಿಯಿತು. ಹರಿಹರವೇ ಮೊದಲಾದ ಊರುಗಳಲ್ಲಿ ಶಾಖೆಗಳನ್ನೂ ಪಡೆಯಿತು. ಕಲಿಸಬಲ್ಲವರು ನಮ್ಮಲ್ಲಿಯೇ ಸಿದ್ಧರಾದುದೂ, ಕಲಿತವರಿಗೆ ಕಾರ್ಖಾನೆಗಳಲ್ಲಿ ಕೆಲಸವಿದ್ದುದೂ ಇದಕ್ಕೆ ಕಾರಣ. ಆದರೆ ಇಲ್ಲಿಯ ಡಿಪ್ಲೊಮಾ ಶಿಕ್ಷಣಕ್ಕೆ ಹತ್ತನೆಯ ತರಗತಿ ಮುಗಿದಿರಬೇಕು; ಕಲಿತವನು ಕಾರ್ಖಾನೆಯಿರುವ ಊರಿಗೇ ಹೋಗಬೇಕು.

ಎರಡನೆಯದು ಸ್ವಂತ ಉದ್ಯಮದ ಶಿಕ್ಷಣ. ಸ್ವೀಡನ್ನಿನ ಸಣ್ಣ ಉದ್ಯಮಿಗಳಿಗಾಗಿ ಸಿದ್ಧವಾಗಿದ್ದ ಒಂದು ಪಾಠಕ್ರಮವನ್ನು 1970ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಎತ್ತಿಕೊಂಡು ಅನೇಕ ದೇಶಗಳಿಗೆ ಹೊಂದಿಸಿತು. ಉದ್ಯಮವನ್ನು ಯೋಚಿಸುವುದು, ತೊಡಗುವುದು, ಸುಧಾರಿಸುವುದು, ವಿಸ್ತರಿಸುವುದು ಎಂಬ ನಾಲ್ಕು ಮೆಟ್ಟಿಲು ಅದರಲ್ಲುಂಟು. ಇದೇ ಉದ್ದೇಶವುಳ್ಳ ಒಂದು ಕ್ರಮವು ನಮ್ಮ ನಾಡಿನಲ್ಲಿಯೇ ಹುಟ್ಟಿತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಕೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯೇ ಅದು. ಊಟ ವಸತಿಗಳೊಡನೆ ಉಚಿತವಾದ ಅಲ್ಪಾವಧಿಯ ಶಿಕ್ಷಣವನ್ನು ಕೊಟ್ಟು, ಕಲಿತವನಿಗೆ ಸಾಲ ದೊರೆಯುವಂತೆ ನೋಡಿ, ಆಮೇಲೂ ಅವನ ಯೋಗಕ್ಷೇಮವನ್ನು ವಿಚಾರಿಸುವುದು ಇದರ ವಿಶೇಷ. 2009ರಲ್ಲಿ ಕೇಂದ್ರ ಸರ್ಕಾರವು ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ಸ್ಥಾಪಿಸಲು ಇದನ್ನೇ ಮಾದರಿಯಾಗಿ ಸ್ವೀಕರಿಸಿತು. ಚಿತ್ರದುರ್ಗದಲ್ಲಿಯೂ ರುಡ್‌ಸೆಟ್ಟಿನ ಶಾಖೆಯುಂಟು.

ಇವೆರಡನ್ನೂ ಹೋಲಿಸಿದರೆ ಒಂದು ತತ್ತ್ವವು ಸ್ಪಷ್ಟವಾಗುವುದು. ಕ್ರಮವು ದೇಶದಿಂದ ದೇಶಕ್ಕೆ ಸಾಗಬಹುದು. ಕಸಬಿನ ಮಾತು ಹಾಗೆ ಸಾಗದು. ಚಳ್ಳಕೆರೆಯ ಕಂಬಳಿಯನ್ನೇ ನೋಡಬಹುದು. ತುಪ್ಪಟವನ್ನು ಕತ್ತರಿಸುವುದು, ನೂಲುವುದು, ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಹಚ್ಚುವುದು, ಹೊಕ್ಕನ್ನು ಹಾಯಿಸುವುದು ಇವಕ್ಕೆಲ್ಲ ನೇಕಾರನ ಬಾಯಲ್ಲಿ ಖಚಿತವಾದ ಮಾತುಗಳಿವೆ. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗಕ್ಕೂ ತನ್ನದೇ ಪರಿಭಾಷೆಯುಂಟು. ಅಸಲು, ಬಡ್ಡಿ, ಮುಂಗಡ, ಬಾಕಿ ಎಂಬ ವ್ಯವಹಾರದ ಮಾತುಗಳನ್ನು ಸಂತೆಗೆ ಹೋಗುವ ಕುರಿಗಾಹಿಯೂ ಬಲ್ಲನು. ಪಾಠವು ಈ ಮಾತುಗಳಿಂದ ಹೊರಟರೆ ಅವನು ತನಗೆ ತಿಳಿದುದರಿಂದ ತಿಳಿಯದುದಕ್ಕೆ ಹೋಗುವನು. ಇಂಗ್ಲಿಷಿನ ಪಡಿಯಚ್ಚಾದ ಕನ್ನಡದಲ್ಲಿ ಪಾಠವಿದ್ದರೆ, ತನ್ನ ಕಸಬಿನಲ್ಲಿಯೇ ತಾನು ಅಜ್ಞನೆಂದು ಅವನು ಭಾವಿಸಿ ಹಿಂದೆಗೆಯುವನು.

ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಕೆಲಸವುಂಟು. ಕಸಬುದಾರರ ಮಾತುಗಳನ್ನು ಅವರ ಬಾಯಿಂದಲೇ ಸಂಗ್ರಹಿಸಿ, ಅರ್ಥವನ್ನು ನಿರ್ಣಯಿಸಿ, ಪಾಠ ಬರೆಯುವವರ ಕೈಗೆ ಕೊಡುವುದು ನಿಘಂಟಿನ ಕೆಲಸವೂ ಹೌದು, ಅನ್ನದ ಕೆಲಸವೂ ಹೌದು. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯು ಶಾಲೆಯ ಅಧ್ಯಾಪಕರಿಗೆ ತರಬೇತಿಯನ್ನು ಕೊಡುತ್ತ ಬಂದಿದೆ. ಆ ವಿದ್ಯೆಯೊಡನೆ ಈ ಪದಸಂಪತ್ತೂ ಕೂಡಿದರೆ ಎರಡಕ್ಕೂ ಬಲ ಬಂದೀತು. ಕಾವಲಿನ ನೆಲದಲ್ಲಿ ಎದ್ದಿರುವ ವಿದ್ಯಾಲಯಗಳ ಬಾಗಿಲನ್ನು ಆ ನೆಲದ ಮಕ್ಕಳು ಕೂಲಿಗಳಾಗಿ ಮಾತ್ರ ಹೊಗುವರೋ, ಕಲಿಯುವವರಾಗಿಯೂ ಹೊಗುವರೋ ಎಂಬುದು ಬಹುಮಟ್ಟಿಗೆ ಇದನ್ನು ಅವಲಂಬಿಸಿದೆ.