ಗುಂಯ್ ಎನ್ನದ ಪೆಟ್ಟಿಗೆ

ವಾಲ್ಯೂಮ್ ಪೂರ್ತಿ ಏರಿಸಿ, ಹಾಡು ಮಾತ್ರ ಹಾಕದೆ, ಸ್ಪೀಕರ್‌ಗೆ ಕಿವಿ ಆನಿಸಿ ಕೂರುವವರಿದ್ದಾರೆ. ಮನೆಯವರು ಬಾಗಿಲಲ್ಲಿ ನಿಂತು ‘ಏನು ಕೇಳಿಸ್ತಿದೆ?’ ಎಂದರೆ ‘ಏನೂ ಇಲ್ಲ’ ಎಂದು ಮುಖ ಅರಳಿಸಿ ಹೇಳುತ್ತಾರೆ. ಮನೆಯಲ್ಲೇ ಪ್ರೀಆಂಪ್ ಕಟ್ಟುವವರ ಕೊನೆಯ ಪರೀಕ್ಷೆ ಇದು. ಸಣ್ಣಗೆ ಸುಸ್ ಎಂದರೆ ಅಡ್ಡಿಯಿಲ್ಲ, ಅದು ಪ್ರಕೃತಿಯ ಪಾಲು. ಗುಂಯ್ ಎಂದರೆ ಮಾತ್ರ ಕಟ್ಟಿದವರ ಪಾಲು. ಮತ್ತೆ ಮುಚ್ಚಳದ ಸ್ಕ್ರೂ ಬಿಚ್ಚಬೇಕು.

ಸ್ಪೀಕರನ್ನು ಅಲುಗಾಡಿಸುವ ಮೈಮುರಿ ದುಡಿಮೆ ಪವರ್ ಆಂಪ್ಲಿಫೈಯರ್‌ನದು. ಅದರ ಕೈಗೆ ಒಪ್ಪಿಸುವ ಮೊದಲು ಸಿಗ್ನಲ್ಲನ್ನು ಓರಣ ಮಾಡುವುದು ಪ್ರೀಆಂಪ್‌ನ ಕೆಲಸ. ರೆಕಾರ್ಡ್ ಪ್ಲೇಯರೋ ಸಿಡಿಯೋ ಆರಿಸುವುದು, ಸದ್ದು ಎಷ್ಟಿರಬೇಕೆಂದು ನಿಗದಿ ಮಾಡುವುದು, ರೆಕಾರ್ಡಿನ ಮುಳ್ಳಿನಿಂದ ಬರುವ ಕ್ಷೀಣ ಸಿಗ್ನಲ್ಲನ್ನು ಮೇಲೆತ್ತುವುದು. ಹಳೆಯ ರೇಡಿಯೊಗ್ರಾಮ್‌ಗಳಲ್ಲಿ ಎರಡೂ ಒಂದೇ ಮರದ ಪೆಟ್ಟಿಗೆಯೊಳಗೆ ಸಂಸಾರ ಮಾಡಿಕೊಂಡಿದ್ದವು. ಒಳ್ಳೆಯ ಸದ್ದಿನ ಹುಚ್ಚು ಹತ್ತಿದವರು ಅವನ್ನು ಬೇರೆ ಬೇರೆ ಮನೆ ಹೂಡಿಸಿದರು.

ಬೇರೆ ಮಾಡಿದ್ದೇಕೆ ಎಂಬುದಕ್ಕೆ ಲೆಕ್ಕವೇ ಉತ್ತರ. ಮುಳ್ಳನ್ನು ಕೂರಿಸಿರುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಇನ್ನೂ ದುಬಾರಿಯಾದ ಮೂವಿಂಗ್ ಕಾಯಿಲ್ ಬಗೆಯದು ಕೊಡುವುದು ಬರೀ 0.3 ಮಿಲಿವೋಲ್ಟಿನ ಆಸುಪಾಸು. ಅದೇ ಪೆಟ್ಟಿಗೆಗೆ ಇನ್ನೊಂದು ಕಡೆಯಿಂದ ಗೋಡೆಯ ಪ್ಲಗ್ಗಿನ 230 ವೋಲ್ಟ್ ಬರುತ್ತದೆ. 5 ಮಿಲಿವೋಲ್ಟಿಗೆ ಅದು 46,000 ಪಟ್ಟು; ಮೂವಿಂಗ್ ಕಾಯಿಲ್‌ಗಾದರೆ ಏಳೂವರೆ ಲಕ್ಷ ಪಟ್ಟಿಗೂ ಮೇಲೆ. ಜಾತ್ರೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಪರಿಸ್ಥಿತಿ ಇದು, ಅದೂ ತಮಟೆಯವನ ಪಕ್ಕದಲ್ಲೇ ನಿಂತು.

ಸಾಲದ್ದಕ್ಕೆ ರೆಕಾರ್ಡಿನದೇ ಒಂದು ತಕರಾರು. ಎಲ್‌ಪಿಯ ಗೆರೆಗಳಲ್ಲಿ ಕೆಳಸ್ವರಗಳನ್ನು ಇದ್ದ ಹಾಗೇ ಕೊರೆದರೆ ಗೆರೆ ಓಲಾಡಿ ಪಕ್ಕದ ಗೆರೆಗೆ ನುಗ್ಗುತ್ತದೆ. ಮೇಲ್ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಅವು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತವೆ. ಆದ್ದರಿಂದ ಕೊರೆಯುವಾಗ ಕೆಳಗಿನದನ್ನು ತಗ್ಗಿಸಿ, ಮೇಲಿನದನ್ನು ಏರಿಸಿರುತ್ತಾರೆ. ಕೇಳುವಾಗ ಪ್ರೀಆಂಪ್ ಅದನ್ನು ಸರಿಯಾಗಿ ತಿರುವು ಮುರುವು ಮಾಡಬೇಕು. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಇದಕ್ಕೊಂದು ಅಳತೆ ಗೊತ್ತುಮಾಡಿತು. ಆರ್‌ಐಎಎ ಕರ್ವ್ ಎಂದು ಅದರ ಹೆಸರು. ಕರ್ವ್ ಎಲ್ಲೆಲ್ಲಿ ಬಾಗಬೇಕೆಂದು ಹೇಳುವ 3180, 318 ಮತ್ತು 75 ಮೈಕ್ರೊಸೆಕೆಂಡ್ ಎಂಬ ಮೂರು ಅಂಕಿಗಳನ್ನು ಪ್ರೀಆಂಪ್ ಕಟ್ಟುವವರು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಈ ಕರ್ವ್‌ನ ಪ್ರಕಾರ 1000 ಹರ್ಟ್ಸ್‌ನ ಸ್ವರವನ್ನು ನೂರು ಪಟ್ಟು ಹಿಗ್ಗಿಸುವ ಪ್ರೀಆಂಪ್ 50 ಹರ್ಟ್ಸ್‌ನದನ್ನು ಅದಕ್ಕಿಂತ ಏಳು ಪಟ್ಟು ಹೆಚ್ಚು ಹಿಗ್ಗಿಸಬೇಕು. ನಮ್ಮ ಮನೆಗಳ ಕರೆಂಟಿನದೂ ಸರಿಯಾಗಿ ಅದೇ 50 ಹರ್ಟ್ಸ್! ಕಳ್ಳ ಬರುವ ದಾರಿಯಲ್ಲೇ ದೀಪ ಹಚ್ಚಿಟ್ಟ ಹಾಗಾಯಿತು.

1954ಕ್ಕೆ ಮೊದಲು ಒಂದೊಂದು ಕಂಪನಿಗೆ ಒಂದೊಂದು ಕರ್ವ್. ಈ ಗೊಂದಲದಲ್ಲೇ ಮನೆಯ ಪ್ರೀಆಂಪ್‌ಗಳ ದೊಡ್ಡ ಕಥೆ ಹುಟ್ಟಿತು. ನ್ಯೂಯಾರ್ಕ್‌ನ ಸಾಲ್ ಮರಾಂಟ್ಜ್ ವೃತ್ತಿಯಿಂದ ಕಮರ್ಷಿಯಲ್ ಆರ್ಟಿಸ್ಟ್. ಅಂಗಡಿಯಲ್ಲಿ ಸಿಕ್ಕ ಯಾವುದೂ ಹಿಡಿಸದೆ, 1950ರ ದಶಕದ ಆರಂಭದಲ್ಲಿ ಕ್ಯೂ ಗಾರ್ಡನ್ಸ್‌ನ ತಮ್ಮ ಮನೆಯಲ್ಲಿ ತಾವೇ ಒಂದು ಪ್ರೀಆಂಪ್ ಕಟ್ಟಿದರು. ಬೇರೆ ಬೇರೆ ಕಂಪನಿಗಳ ರೆಕಾರ್ಡುಗಳಿಗೆ ಬೇರೆ ಬೇರೆ ಕರ್ವ್ ಆರಿಸುವ ಗುಂಡಿಗಳು ಅದರಲ್ಲಿದ್ದವು. ‘ಆಡಿಯೊ ಕನ್ಸೊಲೆಟ್’ ಎಂಬ ಆ ಪೆಟ್ಟಿಗೆಯನ್ನು ನೋಡಿದ ಗೆಳೆಯರು ನಮಗೂ ಒಂದು ಎಂದರು, ಕಂಪನಿಯೇ ಹುಟ್ಟಿತು. 1958ರಲ್ಲಿ ಆ ಕಂಪನಿಯಿಂದ ಬಂದ ಮಾಡೆಲ್ 7, ಆರು 12ಎಎಕ್ಸ್7 ವಾಲ್ವುಗಳ ಸ್ಟೀರಿಯೊ ಪ್ರೀಆಂಪ್, ಇವತ್ತಿಗೂ ಹವ್ಯಾಸಿಗಳು ಹೆಚ್ಚಾಗಿ ನಕಲು ಮಾಡುವ ಸರ್ಕ್ಯೂಟ್‌ಗಳಲ್ಲಿ ಒಂದು. ಮನೆಯಿಂದ ಹೊರಟದ್ದು ಮತ್ತೆ ಮನೆಗಳಿಗೇ ಬಂದಿದೆ.

ಬ್ರಿಟನ್ನಿನಲ್ಲಿ ಈ ವಿದ್ಯೆಯ ಪಾಠಶಾಲೆ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಾಗಿತ್ತು. ಮಾಲ್ವರ್ನ್‌ನ ರೇಡಾರ್ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಅದರಲ್ಲಿ ಬರೆದ ಟೋನ್ ಕಂಟ್ರೋಲ್ ಸರ್ಕ್ಯೂಟ್ ಮುಂದೆ ಲೋಕದ ಲೆಕ್ಕವಿಲ್ಲದಷ್ಟು ಆಂಪ್ಲಿಫೈಯರ್‌ಗಳೊಳಗೆ ಸೇರಿತು. ಮದುವೆ ಮನೆಯ ಮೈಕ್ ಸೆಟ್ಟಿನಲ್ಲಿ ‘ಬಾಸ್’, ‘ಟ್ರೆಬಲ್’ ಎಂದು ತಿರುಗಿಸುವ ಗುಂಡಿಗಳ ಹಿಂದೆ ಎಷ್ಟೋ ಸಲ ಇರುವುದು ಇವರ ಲೆಕ್ಕವೇ. ಹೈ ಎಂಡ್ ಮಂದಿ ಮಾತ್ರ ಟೋನ್ ಕಂಟ್ರೋಲ್ ಎಂದರೆ ಮೂಗು ಮುರಿಯುತ್ತಾರೆ. ಸಿಗ್ನಲ್ ಇದ್ದ ಹಾಗೇ ಇರಬೇಕೆಂಬ ಮಡಿ ಅವರದು. ಸವೆದ ರೆಕಾರ್ಡನ್ನು ಹತ್ತು ಅಡಿಯ ಕೋಣೆಯಲ್ಲಿ ಕೇಳುವವರಿಗೆ ಆ ಎರಡು ಗುಂಡಿಗಳಿಂದ ಆಗುವ ಉಪಕಾರ ಈ ಮಡಿಗಿಂತ ದೊಡ್ಡದು.

ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ನೆಲ ಹದವಾಗಿಯೇ ಇತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ, ಅದರ ಬೆನ್ನಿಗೇ ಟ್ರಾನ್ಸಿಸ್ಟರ್‌ಗಳನ್ನೂ ಮಾಡತೊಡಗಿತು. ‘ಬಿಇಎಲ್’ ಮುದ್ರೆಯ ವಾಲ್ವು ಹಳೆಯ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಈಗಲೂ ಕಣ್ಣಿಗೆ ಬೀಳುವುದುಂಟು. ಬಿಡಿ ಭಾಗ ಬೇಕೆಂದರೆ ಸಾದರ ಪಟ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್. ಚೀಟಿ ಹಿಡಿದು ಒಂದು ಅಂಗಡಿಯಲ್ಲಿ ಮೆಟಲ್ ಫಿಲ್ಮ್ ರೆಸಿಸ್ಟರ್, ಇನ್ನೊಂದರಲ್ಲಿ ಶೀಲ್ಡೆಡ್ ವೈರ್, ಮೂರನೆಯದರಲ್ಲಿ ಟ್ರಾನ್ಸ್‌ಫಾರ್ಮರ್ ಎಂದು ಅಲೆದು ಸಂಜೆಗೆ ಕೈಚೀಲ ತುಂಬಿಸಿಕೊಂಡು ಬರುವುದೇ ಅರ್ಧ ಸಂತೋಷ.

ಆ ಚೀಲದಲ್ಲಿ ಇರುವ ಅಗ್ಗದ ಸಾಮಾನುಗಳಲ್ಲೊಂದೇ ಅತಿ ಮುಖ್ಯವಾದದ್ದು. ಎನ್‌ಇ5532 ಎಂಬ ಎಂಟು ಕಾಲಿನ ಐಸಿ 1970ರ ದಶಕದ ಕೊನೆಯ ಹೊತ್ತಿಗೆ ಬಂದದ್ದು. ಒಂದು ಮಸಾಲೆ ದೋಸೆಯ ದುಡ್ಡಿಗಿಂತ ಕಡಿಮೆ. ಹಲವು ದಶಕ ಕಾಲ ಸ್ಟುಡಿಯೊಗಳ ಮಿಕ್ಸಿಂಗ್ ಕನ್ಸೋಲ್‌ಗಳಲ್ಲಿ ಅದೇ ಮನೆ ಆಳು; ಅಂಗಡಿಯಲ್ಲಿ ಕೊಂಡ ಎಷ್ಟೋ ಹಾಡುಗಳು ಅದರೊಳಗಿಂದ ಹಲವು ಸಲ ಹಾದೇ ಬಂದಿವೆ. ಬ್ರಿಟನ್ನಿನ ಡಗ್ಲಸ್ ಸೆಲ್ಫ್ ಎಂಬ ಎಂಜಿನಿಯರ್ ಈ ಐಸಿಯ ಪರಮ ಪ್ರತಿಪಾದಕ. ಅವರ ಪ್ರೀಆಂಪ್ ವಿನ್ಯಾಸಗಳಲ್ಲಿ ಒಂದೇ ಕೆಲಸಕ್ಕೆ ಹಲವು 5532ಗಳನ್ನು ಜೋಡಿಯಾಗಿ ದುಡಿಸಿರುತ್ತಾರೆ. ಸಿಗ್ನಲ್ ಎಲ್ಲದರಲ್ಲೂ ಒಂದೇ ಆದ್ದರಿಂದ ಕೂಡಿಕೊಳ್ಳುತ್ತದೆ; ಸದ್ದುಗದ್ದಲ ಒಂದೊಂದರದು ಒಂದೊಂದು ದಿಕ್ಕಾದ್ದರಿಂದ ಅಷ್ಟು ಬೆಳೆಯುವುದಿಲ್ಲ.

ಮೊದಲು ಹೇಳಿದ ಆ ‘ಸುಸ್’ ಎಲ್ಲಿಂದ ಬರುತ್ತದೆ? ಐಸಿಯಿಂದಷ್ಟೇ ಅಲ್ಲ, ರೆಸಿಸ್ಟರ್‌ಗಳಿಂದಲೂ. ಬಿಸಿಗೆ ಎಲೆಕ್ಟ್ರಾನ್‌ಗಳು ಒಳಗೆ ಮಿಸುಕಾಡುತ್ತಲೇ ಇರುತ್ತವೆ. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಇದರ ಅಳತೆ ಪ್ರಕಟಿಸಿದರು, ನೈಕ್ವಿಸ್ಟ್ ಇದಕ್ಕೆ ಲೆಕ್ಕ ಕೊಟ್ಟರು. ಕೋಣೆಯ ಉಷ್ಣಾಂಶದಲ್ಲಿ 47 ಕಿಲೊಓಮ್ ರೆಸಿಸ್ಟರ್ ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದರೂ ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ 4 ಮೈಕ್ರೊವೋಲ್ಟ್‌ನಷ್ಟು ಗದ್ದಲ ಮಾಡುತ್ತದೆ. 1 ಕಿಲೊಓಮ್‌ನದು ಅರ್ಧ ಮೈಕ್ರೊವೋಲ್ಟಿಗೆ ಸ್ವಲ್ಪ ಮೇಲೆ. ಹಾಗಾಗಿ ಬಲ್ಲವರು ಸರ್ಕ್ಯೂಟಿನ ಉದ್ದಕ್ಕೂ ಆದಷ್ಟು ಕಡಿಮೆ ಓಮ್‌ನ ರೆಸಿಸ್ಟರ್ ಹಾಕುತ್ತಾರೆ. ನೂರಾರು ಡಾಲರಿನ ‘ಆಡಿಯೊ ಗ್ರೇಡ್’ ಕೆಪ್ಯಾಸಿಟರ್‌ಗಿಂತ ಇದು ಕೊಡುವ ಫಲ ದೊಡ್ಡದು. ಕೆಪ್ಯಾಸಿಟರ್‌ಗೆ ಖರ್ಚು ಮಾಡುವ ಮನಸ್ಸಿದ್ದರೆ ಆ ದುಡ್ಡನ್ನು ಒಂದು ಎಲ್‌ಸಿಆರ್ ಮೀಟರಿಗೆ ಹಾಕುವುದು ಮೇಲು. ಅಂಗಡಿಯ ಕೆಪ್ಯಾಸಿಟರ್ ಶೇ 5 ಆಚೀಚೆ ಇರುವುದು ಮಾಮೂಲು; ಹತ್ತು ತಂದು ಒಂದೊಂದನ್ನೂ ಅಳೆದು, ಎಡ ಬಲ ಚಾನೆಲ್‌ಗಳಿಗೆ ಸರಿಜೋಡಿ ಹುಡುಕಿ ಹಾಕಿದರೆ ಆರ್‌ಐಎಎ ಕರ್ವ್ ನೇರಕ್ಕೆ ಕೂರುತ್ತದೆ.

ಸಿಡಿಯ ಕಾಲ ಬಂದ ಮೇಲೆ ಪ್ರೀಆಂಪ್‌ನ ಹೆಸರೇ ತಮಾಷೆಯಾಯಿತು. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ಹೆಚ್ಚಿನ ಪವರ್ ಆಂಪ್‌ಗಳು ಪೂರ್ತಿ ಕೂಗಲು ಅಷ್ಟೂ ಬೇಡ. ಹಿಗ್ಗಿಸುವುದಕ್ಕೆ ಏನೂ ಉಳಿದಿಲ್ಲ, ತಗ್ಗಿಸುವುದೇ ಕೆಲಸ. ಹಾಗಾದರೆ ಬರಿಯ ವಾಲ್ಯೂಮ್ ಪಾಟ್, ಅಂದರೆ ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್, ಸಾಲದೇ? ಸಾಲದು. ಪಾಟ್ ದಾಟಿದ ಸಿಗ್ನಲ್‌ಗೆ ಉದ್ದದ ಕೇಬಲ್ ಎಳೆಯುವ ತ್ರಾಣವಿರುವುದಿಲ್ಲ, ಮೇಲ್ಸ್ವರಗಳು ದಾರಿಯಲ್ಲೇ ಸೊರಗುತ್ತವೆ. ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕ ನೆಲ್ಸನ್ ಪಾಸ್ 2008ರಲ್ಲಿ ಹವ್ಯಾಸಿಗಳಿಗೆಂದು ಕೊಟ್ಟ ‘ಬಿ1’ ಬಫರ್ ಸಿಗ್ನಲ್ಲನ್ನು ಒಂದಿಷ್ಟೂ ಹಿಗ್ಗಿಸುವುದಿಲ್ಲ. ಸದ್ದು ಏರಿಸದೆ ಕಸುವು ಮಾತ್ರ ತುಂಬುತ್ತದೆ. ಪ್ರತಿ ಚಾನೆಲ್‌ಗೆ ಬೆರಳೆಣಿಕೆಯ ಭಾಗಗಳು. ಅದರಲ್ಲಿದ್ದ ತೋಷಿಬಾದ 2ಎಸ್‌ಕೆ170 ಎಂಬ ಟ್ರಾನ್ಸಿಸ್ಟರ್ ಈಗ ತಯಾರಾಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡರೆ, ಬೇರೆ ಯಾವುದೋ ಟ್ರಾನ್ಸಿಸ್ಟರ್ ಮೇಲೆ ಆ ನಂಬರ್ ಅಚ್ಚೊತ್ತಿದ್ದು ಕೈಗೆ ಬರುವುದೂ ಉಂಟು.

ವಾಲ್ಯೂಮ್ ಪಾಟ್‌ನ ಜಾತಕ ಬೇರೆಯೇ ಇದೆ. ಒಂದೇ ದಂಡಕ್ಕೆ ಎರಡು ಚಾನೆಲ್‌ನ ಪಾಟ್ ಪೋಣಿಸಿರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸದ್ದು ತಗ್ಗಿಸಿದರೆ ಎಡ ಬಲ ಸಮ ಇರದೆ ಗಾಯಕ ಒಂದು ಪಕ್ಕಕ್ಕೆ ವಾಲುತ್ತಾನೆ. ಒಳ್ಳೆಯ ಜಪಾನಿ ಪಾಟ್‌ನಲ್ಲಿ ಈ ದೋಷ ಕಡಿಮೆ. ಹಟ ಹಿಡಿದವರು ರಿಲೇಗಳಿಂದ ವಾಲ್ಯೂಮ್ ಕಟ್ಟುತ್ತಾರೆ: ಆರು ರಿಲೇಗಳು 1, 2, 4, 8, 16, 32 ಡೆಸಿಬೆಲ್ ತಗ್ಗಿಸುವಂತೆ ಜೋಡಿಸಿದರೆ 64 ಮೆಟ್ಟಿಲು. ಗುಂಡಿ ತಿರುಗಿಸಿದಂತೆಲ್ಲ ಪೆಟ್ಟಿಗೆಯೊಳಗೆ ಟಕಟಕ ಎಂದು ಹಲ್ಲಿ ಲೊಚಗುಟ್ಟಿದ ಹಾಗೆ.

ಇಷ್ಟೆಲ್ಲ ಸಲೀಸು ಭಾಗ. ಸರ್ಕ್ಯೂಟ್ ಪುಸ್ತಕದಲ್ಲಿ ಸಿಗುತ್ತದೆ, ಐಸಿ ಅಂಗಡಿಯಲ್ಲಿ ಸಿಗುತ್ತದೆ. ಮೌನ ಎಲ್ಲೂ ಸಿಗುವುದಿಲ್ಲ, ಅದನ್ನು ಪೆಟ್ಟಿಗೆಯೊಳಗೆ ತಂತಿ ತಂತಿಯಾಗಿ ಕಟ್ಟಬೇಕು.

ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಬಲ್ಬಿನ ಮೂಲಕ. ರೇಡಿಯೊ ರಿಪೇರಿಯವರ ಹಳೆಯ ಉಪಾಯ ಇದು: ಪೆಟ್ಟಿಗೆಯೊಳಗೆ ಎಲ್ಲೋ ಶಾರ್ಟ್ ಆಗಿದ್ದರೆ 60 ವಾಟ್‌ನ ಬಲ್ಬು ಪ್ರಜ್ವಲಿಸಿ ಎಚ್ಚರಿಸುತ್ತದೆ, ಟ್ರಾನ್ಸ್‌ಫಾರ್ಮರ್ ಬದುಕಿಕೊಳ್ಳುತ್ತದೆ. ಬಲ್ಬು ಒಮ್ಮೆ ಮಿಣುಕಿ ಮಂಕಾದರೆ ನಿಟ್ಟುಸಿರು. ಮಲ್ಟಿಮೀಟರಿನಲ್ಲಿ ಪ್ಲಸ್ 15, ಮೈನಸ್ 15 ವೋಲ್ಟ್ ಸರಿಯಾಗಿ ಬಂತೇ ಎಂದು ನೋಡಿ, ಆಮೇಲಷ್ಟೇ ಐಸಿಗಳನ್ನು ಸಾಕೆಟ್ಟಿಗೆ ಒತ್ತುತ್ತಾರೆ. ಸ್ಪೀಕರ್ ಜೋಡಿಸುತ್ತಾರೆ. ಗುಂಯ್!

ಕೋಡುಬಳೆಯ ಆಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಹಿಡಿದು ನಿಧಾನ ತಿರುಗಿಸುತ್ತ ಹೋದರೆ ಗುಂಯ್ ಒಂದು ಕೋನದಲ್ಲಿ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಇಳಿದ ಜಾಗದಲ್ಲಿ ಬೋಲ್ಟ್ ಬಿಗಿಯಬೇಕು. ಆದರೂ ಉಳಿದರೆ ಅದು ಅರ್ಥಿಂಗ್‌ನ ಪಿತೂರಿ. ಸರ್ಕ್ಯೂಟಿನ ಅರ್ಥ್ ತಂತಿಗಳೆಲ್ಲ ಊರಿನ ದಾರಿಗಳು ಅರಳಿಕಟ್ಟೆಗೆ ಬಂದು ಸೇರುವಂತೆ ಒಂದೇ ಬಿಂದುವಿಗೆ ಬರಬೇಕು. ಎರಡು ಕಡೆ ಸೇರಿದರೆ ತಂತಿಯೊಂದು ಬಳೆಯಾಗಿ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅದರಲ್ಲಿ ಕರೆಂಟ್ ಹುಟ್ಟಿಸುತ್ತದೆ. ಪ್ರೀಆಂಪ್ ಮತ್ತು ಪವರ್ ಆಂಪ್ ಎರಡಕ್ಕೂ ಮೂರು ಪಿನ್ನಿನ ಪ್ಲಗ್ ಇದ್ದಾಗ ಇಂಥದೇ ಬಳೆ ಕೋಣೆಯಗಲ ಬೆಳೆಯುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ತಂತಿಯನ್ನೇ ಕಿತ್ತು ಹಾಕಿ ಗುಂಯ್ ನಿಲ್ಲಿಸಿದೆವೆಂದು ಬೀಗುತ್ತಾರೆ. ಪ್ರಾಣಕ್ಕೆ ಎರವಾಗುವ ಜಾಣತನ ಅದು. ಲೋಹದ ಪೆಟ್ಟಿಗೆಗೆ ಅರ್ಥ್ ಇರಲೇಬೇಕು. ಸರ್ಕ್ಯೂಟಿನ ಅರ್ಥ್ ಮತ್ತು ಪೆಟ್ಟಿಗೆಯ ನಡುವೆ 10 ಓಮ್‌ನ ಪುಟ್ಟ ರೆಸಿಸ್ಟರ್ ಹಾಕುವುದು, ಆರ್‌ಸಿಎ ಸಾಕೆಟ್‌ಗಳು ಪೆಟ್ಟಿಗೆಗೆ ತಾಗದಂತೆ ವಾಷರ್ ಕೊಡುವುದು ಸರಿಯಾದ ದಾರಿ. ಇಲ್ಲೊಂದು ದೇಸಿ ತೊಡಕೂ ಇದೆ. ಎಷ್ಟೋ ಹಳೆಯ ಮನೆಗಳ ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತು ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಪ್ರೀಆಂಪ್ ಕಟ್ಟಲು ಹೊರಟು ಮನೆಯ ವೈರಿಂಗ್ ರಿಪೇರಿ ಮಾಡಿಸಿದವರು ಈ ಹವ್ಯಾಸದಲ್ಲಿ ಅಪರೂಪವಲ್ಲ.

ಹಣ ಉಳಿಸಲು ಇದನ್ನು ಕಟ್ಟುತ್ತಾರೆಂದು ಯಾರಾದರೂ ತಿಳಿದಿದ್ದರೆ ಅಲ್ಯುಮಿನಿಯಂ ಕ್ಯಾಬಿನೆಟ್ಟಿನ ಬೆಲೆ ಕೇಳಬೇಕು. ಒಳಗಿನ ಎಲ್ಲ ಭಾಗಗಳಿಗಿಂತ ಅದಕ್ಕೇ ಹೆಚ್ಚು ಬೀಳುವುದು ಸಾಮಾನ್ಯ.

ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗದ ಒಂದು ಕೆಲಸವಿದೆ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ 78 ಆರ್‌ಪಿಎಂ ತಟ್ಟೆಗಳಂಥವು ಆರ್‌ಐಎಎಗಿಂತ ಇಪ್ಪತ್ತು ವರ್ಷ ಹಿರಿಯವು. ಆ ಬಳಗದ ಕಂಪನಿಗಳು ಆಗ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನದನ್ನಷ್ಟೇ ತಗ್ಗಿಸಿ ಕೊರೆಯುತ್ತಿದ್ದವು, ಮೇಲ್ಸ್ವರಗಳನ್ನು ಏರಿಸುತ್ತಿರಲಿಲ್ಲ. ಇಂದಿನ ಪ್ರೀಆಂಪ್‌ಗೆ ಅದು ಗೊತ್ತಿಲ್ಲ. ಏರಿಸದೇ ಇದ್ದದ್ದನ್ನೂ ಇಳಿಸುತ್ತದೆ. 10,000 ಹರ್ಟ್ಸ್‌ನಲ್ಲಿ ಸಿಗ್ನಲ್ ಐದನೇ ಒಂದು ಭಾಗಕ್ಕೆ ಕುಸಿದು, ಹಾಡು ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತದೆ. ಸ್ವಂತ ಕೈಯಿಂದ ಕಟ್ಟಿದವರು ಹಿಂಬದಿಗೆ ಇನ್ನೊಂದು ತೂತು ಕೊರೆದು, ಒಂದು ರೋಟರಿ ಸ್ವಿಚ್ಚು, ನಾಲ್ಕು ರೆಸಿಸ್ಟರ್, ಎರಡು ಕೆಪ್ಯಾಸಿಟರ್ ಸೇರಿಸಿಕೊಳ್ಳುತ್ತಾರೆ. ಸ್ವಿಚ್ಚು ಒಂದು ಮನೆ ತಿರುಗಿಸಿದರೆ ಕಂಬಳಿ ಜಾರುತ್ತದೆ. ತಬಲಾದ ಅಂಚಿನ ಪೆಟ್ಟು, ಪದಗಳ ಕೊನೆಯ ಸಕಾರ ಬಿಡಿಬಿಡಿಯಾಗಿ ಎದ್ದು ಬರುತ್ತವೆ. ಜತೆಗೇ ಒಲೆಗೆ ಹಸಿ ಸೌದೆ ಇಟ್ಟಂತೆ ಚಟಚಟ ಸದ್ದೂ. ಮತ್ತೆ ಒಂದು ಮನೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಸುಮಾರು ಮೂರು ನಿಮಿಷಕ್ಕೆ ತಟ್ಟೆ ಮುಗಿದು ಮುಳ್ಳು ನಡುವಿನ ಲೇಬಲ್ಲಿನ ಪಕ್ಕದ ಗೆರೆಯಲ್ಲೇ ಸುತ್ತುತ್ತದೆ. ಕೈ ಇನ್ನೂ ಸ್ವಿಚ್ಚಿನ ಮೇಲೇ ಇರುತ್ತದೆ.